ಪ್ರತಿಷ್ಠೆಯಾಗದ ಗಾಡಿ: ನಿರ್ಮಿತ ವಸ್ತುವಿನ ಆಯುಷ್ಯವನ್ನು ಕುರಿತು

ಮನುಷ್ಯ ಕಟ್ಟಿದ ವಾಹನಕ್ಕೆ ಆಯುಷ್ಯವೆಂಬುದು ಇದೆಯೇ, ಇದ್ದರೆ ಅದು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ, ನಡುವೆ ಬಿಡಿಭಾಗಗಳೆಲ್ಲ ಬದಲಾಗುತ್ತ ಹೋದರೂ ಇದು ಅದೇ ಗಾಡಿ ಎಂದು ಹೇಳುವುದಕ್ಕೆ ಆಧಾರವೇನು ಎಂಬ ಪ್ರಶ್ನೆಯನ್ನು ಭಾರತದ ದಾರ್ಶನಿಕರು ರಥವನ್ನು ಮುಂದಿಟ್ಟುಕೊಂಡು ಎರಡು ಸಾವಿರ ವರ್ಷಗಳ ಹಿಂದೆಯೇ ಎತ್ತಿದ್ದರು. ರಥದ ಜಾಗಕ್ಕೆ ರೈಲನ್ನು ತಂದರೆ ಪ್ರಶ್ನೆ ಹಳತಾಗುವುದಿಲ್ಲ, ಇನ್ನಷ್ಟು ಬಿಗಿಯಾಗುತ್ತದೆ. ಏಕೆಂದರೆ ರೈಲುಗಾಡಿಗೆ ಎಷ್ಟು ವರ್ಷದ ಸೇವೆ ಎಂಬುದನ್ನು ಅದು ಹುಟ್ಟುವ ಮೊದಲೇ ಕಾಗದದ ಮೇಲೆ ನಿಗದಿಪಡಿಸಲಾಗುತ್ತದೆ, ಆ ಅವಧಿಯುದ್ದಕ್ಕೂ ಅದರ ಅಂಗಾಂಗಗಳನ್ನು ಕ್ರಮಬದ್ಧವಾಗಿ ಕಳಚಿ ಬದಲಿಸಲಾಗುತ್ತದೆ, ಕೊನೆಗೊಂದು ದಿನ ಅಧಿಕೃತ ಆದೇಶದಿಂದ ಅದರ ಸೇವೆಯನ್ನು ಮುಗಿಸಲಾಗುತ್ತದೆ. ಈ ಚರ್ಚೆಗೆ ಗೋವಾ ಒದಗಿಸುವ ನಿದರ್ಶನ ಮಾತ್ರ ಬೇರೆ ಬಗೆಯದು. ಅಲ್ಲಿ ನಗರಸಾರಿಗೆಗೆಂದು ಕಟ್ಟಿದ ಒಂದು ಗಾಡಿ ಹುಟ್ಟಿತು, ಓಡಿತು, ಒಬ್ಬರ ಪ್ರಾಣವನ್ನು ತೆಗೆದುಕೊಂಡಿತು, ವರ್ಷಗಟ್ಟಲೆ ನಿಂತಿತ್ತು, ಕೊನೆಗೆ ಕಳಚಿಹೋಯಿತು. ಆದರೆ ಚೀಟಿ ಕೊಂಡು ಹತ್ತಿದ ಒಬ್ಬನೇ ಒಬ್ಬ ಪ್ರಯಾಣಿಕನನ್ನೂ ಅದು ಕಾಣಲಿಲ್ಲ. ಕೊಂಕಣ ರೈಲ್ವೆ ನಿಗಮವು ಮಡಗಾಂವ್‌ನಲ್ಲಿ ಪ್ರಯೋಗಕ್ಕೆ ನಿಲ್ಲಿಸಿದ ಸ್ಕೈ ಬಸ್ ಅದು.

ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ 741 ಕಿಲೋಮೀಟರ್ ಉದ್ದದ ದಾರಿಯನ್ನು ಸಹ್ಯಾದ್ರಿಯ ಬುಡದಲ್ಲಿ ಕೊರೆದು 1998ರ ಜನವರಿ 26ರಂದು ಪೂರ್ಣವಾಗಿ ತೆರೆದ ಸಂಸ್ಥೆಗೆ ಆಗ ದೊಡ್ಡ ಆತ್ಮವಿಶ್ವಾಸವಿತ್ತು, ಮತ್ತು ಅದು ಬರಿಯ ಗರ್ವವಾಗಿರಲಿಲ್ಲ. ಸ್ಕೈ ಬಸ್ ಆ ಸಂಸ್ಥೆಯ ವ್ಯವಸ್ಥಾಪಕ ನಿರ್ದೇಶಕರಾಗಿದ್ದ ಬಿ. ರಾಜಾರಾಂ ಅವರ ಕಲ್ಪನೆ. ರಸ್ತೆಯ ನಡುವೆ ಕಂಬಗಳ ಸಾಲು. ಕಂಬಗಳ ಮೇಲೆ ಪೆಟ್ಟಿಗೆಯಾಕಾರದ ಕಾಂಕ್ರೀಟ್ ತೊಲೆ. ಆ ಪೆಟ್ಟಿಗೆಯೊಳಗೆ ಸಾಮಾನ್ಯ ರೈಲು ಹಳಿಗಳು. ಹಳಿಗಳ ಮೇಲೆ ಉರುಳುವ ಬೋಗಿ, ಅಂದರೆ ಚಕ್ರ, ಅಚ್ಚು ಮತ್ತು ಸ್ಪ್ರಿಂಗುಗಳನ್ನು ಹೊತ್ತ ಚೌಕಟ್ಟು. ಪೆಟ್ಟಿಗೆಯ ಕೆಳಭಾಗದ ಸೀಳಿನಿಂದ ಇಳಿದ ತೂಗುಕೊಂಡಿಗಳಿಗೆ ನೇತುಬಿದ್ದ ಪ್ರಯಾಣಿಕರ ಡಬ್ಬಿ. ಮಾಮೂಲಿ ರೈಲಿನಲ್ಲಿ ಡಬ್ಬಿ ಬೋಗಿಯ ಮೇಲೆ ಕೂತಿರುತ್ತದೆ, ಇಲ್ಲಿ ಬೋಗಿಯ ಕೆಳಗೆ ತೂಗುತ್ತದೆ. ಬೋಗಿ ಪೆಟ್ಟಿಗೆಯೊಳಗೇ ಬಂದಿಯಾಗಿರುವುದರಿಂದ ಹಳಿ ತಪ್ಪಿ ಕೆಳಗೆ ಬೀಳುವ ಪ್ರಮೇಯವಿಲ್ಲ, ಇರುವ ರಸ್ತೆಯ ಮೇಲ್ಗಡೆಯೇ ಸಾಗುವುದರಿಂದ ಮನೆ ಅಂಗಡಿಗಳನ್ನು ಕೆಡವಬೇಕಿಲ್ಲ, ಸುರಂಗ ತೋಡುವ ಖರ್ಚೂ ಇಲ್ಲ ಎಂಬುದು ಪ್ರತಿಪಾದನೆಯ ತಿರುಳಾಗಿತ್ತು. ತೂಗುರೈಲಿನ ಕಲ್ಪನೆಯೇನೂ ಹೊಸದಲ್ಲ: ಜರ್ಮನಿಯ ವುಪ್ಪರ್ಟಾಲ್ ನಗರದಲ್ಲಿ ಅದು 1901ರಿಂದ ಓಡುತ್ತಿದೆ, ಜಪಾನಿನ ಶೋನಾನ್‌ನಲ್ಲಿ 1970ರಿಂದ, ಚಿಬಾದಲ್ಲಿ 1988ರಿಂದ ರಬ್ಬರ್ ಚಕ್ರದ ತೂಗುಗಾಡಿಗಳು ದಿನನಿತ್ಯದ ಜನರನ್ನು ಸಾಗಿಸುತ್ತಿವೆ. ಜಪಾನಿನ ಈ ಗಾಡಿಗಳಿಗೆ ಹೋಲಿಸಿದರೆ ಮಡಗಾಂವ್‌ನ ವಿಶೇಷವೆಂದರೆ ರಬ್ಬರಿನ ಬದಲು ಉಕ್ಕಿನ ಚಕ್ರ, ಉಕ್ಕಿನ ಹಳಿ, ಮತ್ತು ನಮ್ಮದೇ ಎಂಜಿನಿಯರುಗಳ ವಿನ್ಯಾಸ.

ಸುಮಾರು 1.6 ಕಿಲೋಮೀಟರ್ ಉದ್ದದ ಪ್ರಯೋಗಮಾರ್ಗದಲ್ಲಿ 2004ರ ಸೆಪ್ಟೆಂಬರ್ 25ರಂದು ಪರೀಕ್ಷಾರ್ಥವಾಗಿ ಓಡುತ್ತಿದ್ದ ಡಬ್ಬಿ ಪಕ್ಕಕ್ಕೆ ಓಲಾಡಿ ಕಾಂಕ್ರೀಟ್ ಕಂಬಕ್ಕೆ ಬಡಿಯಿತು. ಒಬ್ಬ ಸಿಬ್ಬಂದಿ ತೀರಿಕೊಂಡರು, ಮೂವರು ಗಾಯಗೊಂಡರು. ಆಮೇಲೆ ಯೋಜನೆ ಮುಂದಕ್ಕೂ ಹೋಗಲಿಲ್ಲ, ಮುಗಿಯಲೂ ಇಲ್ಲ. ಕಂಬಗಳೂ ತೊಲೆಯೂ ಮಡಗಾಂವ್‌ನ ಮಳೆಗಾಲಗಳನ್ನು ಒಂದರ ಹಿಂದೊಂದು ಕಂಡವು. 2013ರಲ್ಲಿ ಎಲ್ಲವನ್ನೂ ಕಳಚಿ ಕೈಬಿಡಲು ತೀರ್ಮಾನವಾಯಿತು. ಹಣದ ಲೆಕ್ಕ, ಆಡಳಿತದ ಲೆಕ್ಕ, ರಾಜಕೀಯದ ಲೆಕ್ಕ ಇವೆಲ್ಲ ಬೇರೆ ಕಡೆ ನಡೆದಿವೆ. ಇಲ್ಲಿ ಕೇಳಬೇಕಾದದ್ದು ಇಷ್ಟು: ಯಾವ ಕೆಲಸಕ್ಕೆಂದು ಹುಟ್ಟಿತೋ ಆ ಕೆಲಸವನ್ನು ಒಮ್ಮೆಯೂ ಮಾಡದ ವಸ್ತು ಇತ್ತು ಎನ್ನುವುದು ಯಾವ ಅರ್ಥದಲ್ಲಿ?

ಈ ಪ್ರಶ್ನೆಗೆ ಅತ್ಯಂತ ನಿಷ್ಠುರವಾದ ಉತ್ತರ ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿಯದು. ಅರ್ಥಕ್ರಿಯೆಯ ಸಾಮರ್ಥ್ಯವುಳ್ಳದ್ದೇ ಸತ್, ಅದಿಲ್ಲದ್ದು ಹೆಸರಿಗಷ್ಟೇ ಇರುವಂಥದ್ದು ಎಂಬುದು ಅವನ ನಿಲುವು. ಅರ್ಥಕ್ರಿಯೆ ಎಂದರೆ ವಸ್ತುವೊಂದು ಕಾರ್ಯವೊಂದನ್ನು ಉಂಟುಮಾಡುವುದು. ಬೆಂಕಿ ಸುಡುವುದರಿಂದ ಬೆಂಕಿ ಇದೆ, ಗಡಿಗೆ ನೀರು ಹಿಡಿಯುವುದರಿಂದ ಗಡಿಗೆ ಇದೆ. ಆದರೆ ಈ ಪದದಲ್ಲಿ ಎರಡು ಎಳೆಗಳು ಹೆಣೆದುಕೊಂಡಿವೆ, ವ್ಯಾಖ್ಯಾನಕಾರರೂ ಅವನ್ನು ಬಿಡಿಸಿ ನೋಡಿದ್ದಾರೆ. ಒಂದು, ಯಾವುದೇ ಪರಿಣಾಮವನ್ನು ಉಂಟುಮಾಡುವ ಶಕ್ತಿ. ಇನ್ನೊಂದು, ಮನುಷ್ಯನ ಉದ್ದೇಶವನ್ನು ಸಾಧಿಸಿಕೊಡುವ ಶಕ್ತಿ. ಮೊದಲನೆಯ ಅರ್ಥದಲ್ಲಿ ಸ್ಕೈ ಬಸ್ ಇತ್ತು ಎಂಬುದಕ್ಕೆ ಭಯಂಕರವಾದ ಸಾಕ್ಷಿಯಿದೆ, ಅದು ಕಂಬಕ್ಕೆ ಬಡಿಯಿತು ಮತ್ತು ಒಂದು ಜೀವ ಹೋಯಿತು. ಇಲ್ಲದ ವಸ್ತು ಯಾರನ್ನೂ ಕೊಲ್ಲಲಾರದು. ಎರಡನೆಯ ಅರ್ಥದಲ್ಲಿ ಅದು ಎಂದೂ ಅಸ್ತಿತ್ವಕ್ಕೆ ಬರಲೇ ಇಲ್ಲ. ಒಂದೇ ವಸ್ತು ಒಂದು ಲೆಕ್ಕದಲ್ಲಿ ಸತ್ಯವೂ ಇನ್ನೊಂದು ಲೆಕ್ಕದಲ್ಲಿ ಹೆಸರು ಮಾತ್ರವೂ ಆಗುವ ಈ ಸ್ಥಿತಿಯನ್ನು ಧರ್ಮಕೀರ್ತಿಯ ವ್ಯವಸ್ಥೆ ಸುಲಭವಾಗಿ ಸಹಿಸುವುದಿಲ್ಲ. ನಿರ್ಮಿತ ವಸ್ತುಗಳ ವಿಷಯದಲ್ಲಿ ಮಾತ್ರ ಇದು ಅಪವಾದವಲ್ಲ, ನಿತ್ಯದ ಸಂಗತಿ.

ರಥದ ಚರ್ಚೆ ಇದಕ್ಕಿಂತ ಹಳೆಯದು. ಪಾಲಿ ಭಾಷೆಯ ‘ಮಿಲಿಂದಪಞ್ಹ’ದಲ್ಲಿ ಯವನ ದೊರೆ ಮಿಲಿಂದನು ರಥವೇರಿ ಬಂದುದನ್ನೇ ಹಿಡಿದು ಭಿಕ್ಷು ನಾಗಸೇನ ಕೇಳುತ್ತಾನೆ: ಅಚ್ಚು ರಥವೇ, ಚಕ್ರ ರಥವೇ, ನೊಗ ರಥವೇ, ಇವೆಲ್ಲವನ್ನೂ ಬಿಟ್ಟು ಬೇರೆ ರಥವೊಂದಿದೆಯೇ ಎಂದು. ಯಾವುದೂ ಅಲ್ಲ, ಇವೆಲ್ಲ ಸೇರಿದಾಗ ರಥವೆಂಬ ವ್ಯವಹಾರದ ಹೆಸರು ಹುಟ್ಟುತ್ತದೆ, ಅಷ್ಟೆ. ನಾಗಸೇನನ ಮಾತನ್ನು ಟೋಕಿಯೊದ ಪಾತಾಳರೈಲಿಗೆ ಹಚ್ಚಿ ನೋಡಿದರೆ ಅದರ ಬಲವೂ ಮಿತಿಯೂ ಒಟ್ಟಿಗೆ ಕಾಣುತ್ತವೆ. ಅಲ್ಲಿ 1927ರ ಡಿಸೆಂಬರ್ 30ರಂದು ಉಏನೊ ಮತ್ತು ಅಸಾಕುಸಾ ನಡುವಿನ ಎರಡು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚಿನ ದೂರದಲ್ಲಿ ಏಷ್ಯಾದ ಮೊದಲ ನೆಲದಡಿಯ ನಗರರೈಲು ಓಡಿತು. ಉಕ್ಕಿನ ಮೈ, ನಿಂಬೆಹಳದಿ ಬಣ್ಣ, ಕೆಂಪು ಸಂಕೇತವನ್ನು ದಾಟಿದರೆ ತಾನಾಗಿ ಬ್ರೇಕು ಬೀಳುವ ವ್ಯವಸ್ಥೆ ಇದ್ದ ಆ ಗಾಡಿಗೆ 1000 ಶ್ರೇಣಿ ಎಂದು ಹೆಸರು. 2012ರಲ್ಲಿ ಅದೇ ಗಿಂಜಾ ಮಾರ್ಗಕ್ಕೆ ಹೊಸ ಗಾಡಿಗಳು ಬಂದಾಗ ಅವಕ್ಕೂ ಅದೇ 1000 ಎಂಬ ಸಂಖ್ಯೆ, ಅದೇ ಹಳದಿ. ಒಳಗಡೆ ಒಂದು ಬೋಲ್ಟೂ ಹಳೆಯದಲ್ಲ: ಶಾಶ್ವತ ಅಯಸ್ಕಾಂತದ ಮೋಟಾರು, ತಿರುವಿಗೆ ತಕ್ಕಂತೆ ತಾನೇ ಹೊರಳುವ ಅಚ್ಚಿನ ಬೋಗಿ. ಹಳೆಯ 1001ನೆಯ ಡಬ್ಬಿ ಕಸಾಯ್‌ನ ಮೆಟ್ರೊ ವಸ್ತುಸಂಗ್ರಹಾಲಯದಲ್ಲಿದೆ, 2017ರಲ್ಲಿ ಅದಕ್ಕೆ ಮಹತ್ವದ ಸಾಂಸ್ಕೃತಿಕ ಆಸ್ತಿ ಎಂಬ ಸ್ಥಾನವೂ ಸಿಕ್ಕಿತು. ಭಾಗಗಳೆಲ್ಲ ಉಳಿದಿರುವ ಗಾಡಿ ನಿಂತಿದೆ. ಭಾಗವೊಂದೂ ಉಳಿಯದ ಗಾಡಿ ಅದೇ ಹೆಸರಿನಲ್ಲಿ ಓಡುತ್ತಿದೆ. ಹೆಸರು ಬರಿಯ ವ್ಯವಹಾರ ಎಂದ ನಾಗಸೇನನಿಗೆ ಇದರಲ್ಲಿ ಆಶ್ಚರ್ಯವಿರಲಾರದು. ಆದರೆ ಹೆಸರನ್ನು ಹಾಗೆ ದಾಟಿಸಬೇಕೆಂದು ಜನರಿಗೆ ಏಕೆ ಅನ್ನಿಸಿತು ಎಂಬುದನ್ನು ಅವನ ವಾದ ವಿವರಿಸುವುದಿಲ್ಲ.

ನೈಯಾಯಿಕರು ಬೌದ್ಧರ ಈ ವಾದವನ್ನು ಒಪ್ಪಲಿಲ್ಲ. ಅವಯವಗಳಿಗಿಂತ ಬೇರೆಯಾದ, ಆದರೆ ಅವುಗಳಲ್ಲಿ ಸಮವಾಯ ಸಂಬಂಧದಿಂದ ನೆಲೆಸಿದ ಅವಯವಿ ಎಂಬ ಪೂರ್ಣವಸ್ತು ನಿಜವಾಗಿಯೂ ಇದೆ ಎಂಬುದು ಅವರ ಸಿದ್ಧಾಂತ. ಸಮವಾಯವೆಂದರೆ ಬಿಡಿಸಲಾಗದ ಸಂಬಂಧ. ನ್ಯಾಯಸೂತ್ರ ಇದಕ್ಕೆ ಕೊಡುವ ಕಾರಣಗಳಲ್ಲೊಂದು ರೈಲಿನ ಓದುಗನಿಗೆ ತಟ್ಟನೆ ಹಿಡಿಸುವಂಥದ್ದು: ಒಂದು ಭಾಗವನ್ನು ಹಿಡಿದರೆ ಅಥವಾ ಎಳೆದರೆ ಇಡೀ ವಸ್ತುವೇ ಬರುತ್ತದೆ, ಬರಿಯ ರಾಶಿಯಾಗಿದ್ದರೆ ಹಾಗೆ ಬರುತ್ತಿರಲಿಲ್ಲ. ಆದರೆ ಎಂಜಿನ್ನು ಎಳೆದಾಗ ಹಿಂದಿನ ಇಪ್ಪತ್ತು ಡಬ್ಬಿಗಳೂ ಬರುತ್ತವೆ, ಹಾಗೆಂದು ಇಡೀ ರೈಲು ಒಂದೇ ಅವಯವಿಯೆನ್ನಲು ನೈಯಾಯಿಕರೇ ಹಿಂಜರಿದಾರು. ದೂರದಿಂದ ಒಂದಾಗಿ ಕಾಣುವ ಸೇನೆ ಮತ್ತು ಕಾಡುಗಳ ಸಾಲಿಗೆ ಅದನ್ನು ಸೇರಿಸಿಯಾರು. ಕೊಂಡಿ ಬಿಚ್ಚಿದರೆ ಬೇರೆಯಾಗುವುದನ್ನು ಎಳೆತದ ಸಾಕ್ಷ್ಯವೊಂದರಿಂದ ಒಂದೆನ್ನಲಾಗದು. ಇನ್ನೊಂದು ತೊಡಕು ಇದಕ್ಕಿಂತ ಗಹನವಾದದ್ದು. ನ್ಯಾಯ–ವೈಶೇಷಿಕರ ಪ್ರಕಾರ ಬಟ್ಟೆಯಿಂದ ಒಂದೆರಡು ನೂಲು ಕಿತ್ತರೆ ಹಳೆಯ ಬಟ್ಟೆ ನಾಶವಾಗಿ ಹೊಸ ತುಂಡುಬಟ್ಟೆ ಹುಟ್ಟುತ್ತದೆ, ಅದೇ ಇದು ಎಂಬ ಗುರುತು ಸಾದೃಶ್ಯದಿಂದ ಬಂದದ್ದು. ಆ ಲೆಕ್ಕ ಹಿಡಿದರೆ ರಿಪೇರಿಗೆ ಹೋದ ಪ್ರತಿ ಡಬ್ಬಿಯೂ ಹೊಸ ಡಬ್ಬಿಯಾಗಿಯೇ ಹೊರಗೆ ಬರಬೇಕು, ಮತ್ತು ಸೇವಾವಧಿಯೆಂಬ ಲೆಕ್ಕಕ್ಕೆ ಅರ್ಥವೇ ಉಳಿಯದು. ಪೂರ್ಣವಸ್ತುವನ್ನು ಉಳಿಸಲು ಹೊರಟ ಸಿದ್ಧಾಂತ ಅದನ್ನು ನಾಶಕ್ಕೆ ಎಲ್ಲರಿಗಿಂತ ಸುಲಭವಾಗಿ ಒಡ್ಡಿಬಿಡುತ್ತದೆ.

ಜೈನರ ಉತ್ತರ ಇವೆರಡರ ನಡುವೆ ನಿಲ್ಲುತ್ತದೆ, ಮತ್ತು ಕಳಚಿಹೋದ ಸ್ಕೈ ಬಸ್ಸಿಗೆ ಅದು ವಿಚಿತ್ರವಾಗಿ ಒಪ್ಪುತ್ತದೆ. ಇರುವುದೆಲ್ಲವೂ ಉತ್ಪಾದ, ವ್ಯಯ, ಧ್ರೌವ್ಯ, ಅಂದರೆ ಹುಟ್ಟು, ಅಳಿವು, ಸ್ಥಿರತೆಗಳಿಂದ ಕೂಡಿದ್ದು ಎಂಬ ತತ್ತ್ವಾರ್ಥಸೂತ್ರದ ಮಾತನ್ನು ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ಒಂದು ದೃಷ್ಟಾಂತದಿಂದ ವಿವರಿಸಿದ್ದಾರೆ. ಚಿನ್ನದ ಕಲಶವನ್ನು ಕರಗಿಸಿ ಕಿರೀಟ ಮಾಡಿದರೆ ಕಲಶ ಬೇಕಿದ್ದವನು ದುಃಖಪಡುತ್ತಾನೆ, ಕಿರೀಟ ಬೇಕಿದ್ದವನು ಹಿಗ್ಗುತ್ತಾನೆ, ಚಿನ್ನ ಬೇಕಿದ್ದವನು ಎರಡೂ ಅಲ್ಲದೆ ಸುಮ್ಮನಿರುತ್ತಾನೆ. ಮೂವರ ಮನಸ್ಸಿಗೂ ವಸ್ತುವಿನಲ್ಲೇ ಕಾರಣವಿದೆ. ಮಡಗಾಂವ್‌ನ ತೊಲೆಯನ್ನು ಇಳಿಸಿದಾಗಲೂ ಮೂರು ಬಗೆಯ ಮನಸ್ಸುಗಳು ಇದ್ದಿರಲೇಬೇಕು: ತೂಗುಗಾಡಿಯ ಕನಸು ಕಂಡವರದು, ರಸ್ತೆ ಖಾಲಿಯಾಯಿತೆಂದವರದು, ಉಕ್ಕಿನ ತೂಕ ನೋಡಿದವರದು. ಸಮಂತಭದ್ರರ ದೃಷ್ಟಾಂತದಲ್ಲಿ ನಾಲ್ಕನೆಯವನೊಬ್ಬನಿಲ್ಲ. ಆ ಕಲಶವನ್ನು ಬೆಳಗಿ ತಿಕ್ಕಿ ಇಟ್ಟುಕೊಂಡವನು. ನಿರ್ಮಿತ ವಸ್ತುವಿನ ಬಾಳನ್ನು ಅರಿಯಲು ಬೇಕಾದವನು ಅವನೇ.

ಅಂಥವನನ್ನು ಗೋವಾದ ಹಳೆಯ ರೈಲುದಾರಿಯಲ್ಲಿ ಕಾಣಬಹುದು. ದೂಧಸಾಗರ ಜಲಪಾತದ ಪಕ್ಕದಲ್ಲಿ ಕ್ಯಾಸಲ್‌ರಾಕ್‌ನಿಂದ ಕುಳೆಂಗೆ 1:37ರಷ್ಟು ಕಡಿದಾಗಿ ಇಳಿಯುವ ಘಾಟಿಯ ಹಳಿಯನ್ನು ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಕಂಪನಿ 1888ರ ಹೊತ್ತಿಗೆ ಪೂರೈಸಿ ಮುರ್ಗಾಂವ್ ಬಂದರನ್ನು ಬಯಲುಸೀಮೆಗೆ ಜೋಡಿಸಿತು. 1878ರ ಆಂಗ್ಲ–ಪೋರ್ಚುಗೀಸ್ ಒಪ್ಪಂದದ ಫಲ ಅದು. ಮೀಟರ್‌ಗೇಜಿನ ಆ ಹಳಿ 1990ರ ದಶಕದಲ್ಲಿ ಬ್ರಾಡ್‌ಗೇಜಾಯಿತು. ಹಳಿ, ಅದರಡಿಯ ಸ್ಲೀಪರು, ಗಾಡಿ, ಆಡಳಿತ, ಧ್ವಜ ಎಲ್ಲವೂ ಬದಲಾದರೂ ದಾರಿ ಅದೇ ಎಂದು ಹುಬ್ಬಳ್ಳಿ, ಧಾರವಾಡಗಳಿಂದ ವಾಸ್ಕೋಗೆ ಹೋಗುವವರು ಯಾರೂ ಸಂಶಯಪಡುವುದಿಲ್ಲ. ಈ ಮಾರ್ಗವಿರುವ ನೈಋತ್ಯ ರೈಲ್ವೆಯ ಡಬ್ಬಿಗಳು ಕಾಲಕಾಲಕ್ಕೆ ಹುಬ್ಬಳ್ಳಿ ಅಥವಾ ಮೈಸೂರಿನ ವರ್ಕ್‌ಶಾಪಿಗೆ ಹೋಗುತ್ತವೆ. ಹುಬ್ಬಳ್ಳಿಯದು ಸದರ್ನ್ ಮರಾಠಾ ರೈಲ್ವೆಯ ಕಾಲದಿಂದ ಬಂದ ಕಾರ್ಖಾನೆ. ಪೆರಂಬೂರಿನ ಐಸಿಎಫ್ ಕಾರ್ಖಾನೆಯ ಮಾದರಿಯ ಡಬ್ಬಿಗೆ ನಿಗದಿಯಾದ ಸೇವೆ 25 ವರ್ಷ. ಆ ಅವಧಿಯಲ್ಲಿ ಸಾಮಾನ್ಯವಾಗಿ 18 ತಿಂಗಳಿಗೊಮ್ಮೆ ಅದನ್ನು ಪಿಓಎಚ್ ಎಂಬ ಸಮಗ್ರ ದುರಸ್ತಿಗೆ ಒಳಪಡಿಸುತ್ತಾರೆ. ಅಲ್ಲಿ ಡಬ್ಬಿಯನ್ನು ಬೋಗಿಯಿಂದ ಮೇಲೆತ್ತಿ ಬೇರೆ ಮಾಡುತ್ತಾರೆ, ಬೋಗಿಯಿಂದ ಚಕ್ರಗಳನ್ನು ಬಿಡಿಸುತ್ತಾರೆ, ಸ್ಪ್ರಿಂಗು, ಬೇರಿಂಗು, ಬ್ರೇಕಿನ ಸರಳುಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸುತ್ತಾರೆ. ಚಕ್ರವನ್ನು ಲೇತಿಗೆ ಏರಿಸಿ, ಹಳಿಯ ಮೇಲೆ ಉರುಳುವ ಮೈಯನ್ನೂ ಹಳಿಯಿಂದ ಜಾರದಂತೆ ತಡೆಯುವ ಒಳಅಂಚನ್ನೂ ಮತ್ತೆ ಸರಿಯಾದ ಆಕಾರಕ್ಕೆ ತರುತ್ತಾರೆ. ಉಕ್ಕಿನ ಸುರುಳಿ ಕಳಚಿ ಬೀಳುತ್ತ ಹೋದಂತೆ ಚಕ್ರ ಹೊಳೆಯುತ್ತದೆ, ಜೊತೆಗೆ ಕಿರಿದಾಗುತ್ತದೆ. ಹೊಸದಾಗಿ ಬಂದಾಗ 915 ಮಿಲಿಮೀಟರ್ ವ್ಯಾಸದ ಚಕ್ರ 825ಕ್ಕೆ ಇಳಿದರೆ ಅದು ಮತ್ತೆ ಹಳಿ ಕಾಣಬಾರದು. ಸರಿಪಡಿಸುವ ಪ್ರತಿ ಕ್ರಿಯೆಯೂ ಚಕ್ರವನ್ನು ಉಳಿಸುತ್ತಲೇ ಸವೆಸುತ್ತದೆ. ಆಯುಷ್ಯ ಎಂಬುದಕ್ಕೆ ಇದಕ್ಕಿಂತ ನೇರವಾದ ಅಳತೆಗೋಲನ್ನು ದರ್ಶನಗ್ರಂಥಗಳಲ್ಲಿ ಹುಡುಕಿದರೂ ಸಿಗಲಾರದು.

ಜಪಾನಿನಲ್ಲೂ ಇದೇ ಶಿಸ್ತು. ಮುಖ್ಯ ಭಾಗಗಳ ತಪಾಸಣೆ ನಾಲ್ಕು ವರ್ಷಕ್ಕೊಮ್ಮೆ ಅಥವಾ ಆರು ಲಕ್ಷ ಕಿಲೋಮೀಟರಿಗೊಮ್ಮೆ, ಇಡೀ ಗಾಡಿಯ ತಪಾಸಣೆ ಎಂಟು ವರ್ಷಕ್ಕೊಮ್ಮೆ. ಟೋಕಿಯೊದ ಮಾರುನೊಉಚಿ ಮಾರ್ಗ 1954ರಲ್ಲಿ ತೆರೆದಾಗ ಬಂದ ಕೆಂಪು ಗಾಡಿಗಳು, ಅವುಗಳ ಮುಂದುವರಿಕೆಯಾದ 500 ಶ್ರೇಣಿ, ಬಿಳಿ ಪಟ್ಟಿಯ ಮೇಲೆ ಅಲೆಯಂತೆ ಹರಿದ ಗೆರೆ ಇವು ಆ ನಗರದ ಕಣ್ಣಿಗೆ ನಾಲ್ಕು ದಶಕ ಅಂಟಿಕೊಂಡಿದ್ದವು. 1990ರ ದಶಕದಲ್ಲಿ ಅವು ಸೇವೆಯಿಂದ ಇಳಿದವು, ಆದರೆ ಮುಗಿಯಲಿಲ್ಲ. ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದ ಬಿ ಮಾರ್ಗದಲ್ಲೂ ಹಳಿಯ ಅಗಲ ಅದೇ 1435 ಮಿಲಿಮೀಟರ್, ವಿದ್ಯುತ್ತೂ ಹಳಿಪಕ್ಕದ ಮೂರನೆಯ ಕಂಬಿಯಿಂದಲೇ. ಹೀಗಾಗಿ 131 ಡಬ್ಬಿಗಳು ಭೂಮಿಯ ಇನ್ನೊಂದು ಮಗ್ಗುಲಿಗೆ ಹೋಗಿ ಬೇರೆ ಭಾಷೆಯ ಜನರನ್ನು ಹೊತ್ತವು. ಅವುಗಳಲ್ಲಿ ನಾಲ್ಕನ್ನು 2016ರಲ್ಲಿ ಟೋಕಿಯೊ ಮರಳಿ ತರಿಸಿಕೊಂಡಿತು. ನಮ್ಮಲ್ಲೂ ಪ್ರಯಾಣಿಕರ ಸೇವೆ ಮುಗಿಸಿದ ಹಲವು ಐಸಿಎಫ್ ಡಬ್ಬಿಗಳ ಕಿಟಕಿಗಳನ್ನು ಮುಚ್ಚಿ, ಆಸನಗಳನ್ನು ಕಿತ್ತು, ಹೊಸ ಕಾರುಗಳನ್ನು ಸಾಗಿಸುವ ಗಾಡಿಯಾಗಿ ಮಾರ್ಪಡಿಸುತ್ತಾರೆ; ಮನೆಯ ಹಿರಿಯರು ಯಜಮಾನಿಕೆ ಬಿಟ್ಟುಕೊಟ್ಟು ತೋಟದ ಕೆಲಸಕ್ಕೆ ಇಳಿದಂತೆ ಅವು ಇನ್ನೊಂದಷ್ಟು ಕಾಲ ದುಡಿಯುತ್ತವೆ. ಈ ಎಲ್ಲ ನಿದರ್ಶನಗಳಲ್ಲಿ ಗಾಡಿಯ ಏಕತೆಯನ್ನು ಕಾಯ್ದದ್ದು ಉಕ್ಕಲ್ಲ, ಆಕಾರವೂ ಅಲ್ಲ, ನಿಗದಿತ ಉದ್ದೇಶವೂ ಅಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ತುಂಡಾಗದೆ ದಾಟಿದ ಕಾಳಜಿ ಮತ್ತು ಅದರ ದಾಖಲೆ.

ಗೋವಾದ ದೇವಾಲಯಗಳ ಇತಿಹಾಸ ಗೊತ್ತಿದ್ದವರಿಗೆ ಈ ಮಾತು ಅಪರಿಚಿತವೆನಿಸದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಸಾಷ್ಟಿ, ತಿಸವಾಡಿ, ಬಾರ್ದೇಶಗಳಲ್ಲಿ ದೇವಸ್ಥಾನಗಳು ನೆಲಸಮವಾಗತೊಡಗಿದಾಗ ಭಕ್ತರು ದೇವರನ್ನು ಹೊತ್ತು ಹೊಳೆ ದಾಟಿ, ಆಗ ಬಿಜಾಪುರದ ಆದಿಲಶಾಹಿಗೆ ಸೇರಿದ್ದ ಫೋಂಡಾ ಸೀಮೆಗೆ ಬಂದರು. ಕುಶಸ್ಥಳಿಯ ಮಂಗೇಶ 1560ರ ಸುಮಾರಿಗೆ ಪ್ರಿಯೋಳಕ್ಕೆ ಬಂದನು, ಕೆಳಶಿಯ ಶಾಂತಾದುರ್ಗೆ ಕವಳೆಗೆ, ವೆರ್ಣೆಯ ಮಹಾಲಸೆ ಮ್ಹಾರ್ದೋಳಕ್ಕೆ. ಗರ್ಭಗುಡಿ ಅದಲ್ಲ, ನೆಲ ಅದಲ್ಲ, ಸುತ್ತಲಿನ ಮರಗಳೂ ಅವಲ್ಲ. ಕವಳೆಯ ಈಗಿನ ದೇವಸ್ಥಾನ ಎದ್ದದ್ದು ಹದಿನೆಂಟನೆಯ ಶತಮಾನದಲ್ಲಿ. ಆದರೂ ಕಾರವಾರ, ಕುಮಟಾ, ಭಟ್ಕಳ, ಮಂಗಳೂರುಗಳಲ್ಲಿ ತಲೆಮಾರುಗಳಿಂದ ನೆಲೆಸಿದ ಸಾರಸ್ವತ ಮನೆತನಗಳು ಕುಲದೇವರ ದರ್ಶನಕ್ಕೆ ಇಂದಿಗೂ ಅಲ್ಲಿಗೇ ಹೋಗುತ್ತವೆ, ಇದು ಬೇರೆ ದೇವರೆಂದು ಯಾರಿಗೂ ತೋರಿಲ್ಲ. ನೆಲ ಕಟ್ಟಡಗಳೆರಡೂ ಕಳೆದುಹೋದ ಮೇಲೆಯೂ ಪೂಜೆಯ ಸರಣಿ ಕಡಿಯದಿದ್ದುದೇ ಅದಕ್ಕೆ ಕಾರಣ. ದೇವತೆಯ ಸಾನ್ನಿಧ್ಯ ಎಂಬುದು ಭಕ್ತನ ಶ್ರದ್ಧೆಗೆ ಸೇರಿದ ವಿಷಯ. ಅದನ್ನು ಅಳೆಯುವ ಅಧಿಕಾರ ತತ್ತ್ವವಿಚಾರಕ್ಕಿಲ್ಲ. ಆದರೆ ಅದೇ ದೇವರು ಎಂಬ ಗುರುತು ಹೇಗೆ ನಿಂತಿತು ಎಂದು ಕೇಳಬಹುದು, ಮತ್ತು ಅದರ ಉತ್ತರ ಸೇವೆಯಲ್ಲಿದೆ.

ಆಗಮಶಾಸ್ತ್ರಗಳು ಇದನ್ನು ಬಹು ಸೂಕ್ಷ್ಮವಾಗಿ ವಿಧಿಗೊಳಿಸಿವೆ. ಶಿಲ್ಪಿಯ ಕೈಯಿಂದ ಬಂದ ವಿಗ್ರಹ ಕೂಡಲೇ ದೇವರಾಗುವುದಿಲ್ಲ. ಜಲಾಧಿವಾಸ, ಧಾನ್ಯಾಧಿವಾಸ, ಅಂದರೆ ನೀರಿನಲ್ಲಿಯೂ ಧಾನ್ಯದಲ್ಲಿಯೂ ಇರಿಸುವ ಕ್ರಮಗಳು, ಕಣ್ಣು ತೆರೆಸುವ ನೇತ್ರೋನ್ಮೀಲನ ಇವೆಲ್ಲ ಮುಗಿದ ಮೇಲೆ ಪ್ರಾಣಪ್ರತಿಷ್ಠೆ. ಅಲ್ಲಿಯವರೆಗೆ ಅದು ಶಿಲೆ, ಬಿರುಕು ಬಿಟ್ಟರೆ ಬಿರುಕು ಬಿಟ್ಟದ್ದು ಕಲ್ಲೇ. ಪ್ರತಿಷ್ಠೆಯಾದ ಮೂರ್ತಿ ಕಾಲಾಂತರದಲ್ಲಿ ಭಿನ್ನವಾದರೆ ಜೀರ್ಣೋದ್ಧಾರದ ವಿಧಿಯಂತೆ ಅದರ ಕಳೆಯನ್ನು ಕಲಶದ ನೀರಿಗೆ ಇಳಿಸಿ, ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ಪೂಜೆ ಮುಂದುವರಿಸಿ, ಹೊಸ ಮೂರ್ತಿಗೆ ಅದನ್ನು ತುಂಬಿ, ಹಳೆಯದನ್ನು ನೀರಿಗೆ ಬಿಡುತ್ತಾರೆ. ಭಿನ್ನವಾದುದನ್ನು ಪೂಜಿಸುತ್ತಲೇ ಇರುವುದೂ ತಪ್ಪು, ವಿಧಿಯಿಲ್ಲದೆ ಬಿಸಾಡುವುದೂ ತಪ್ಪು. ರೈಲಿನ ಲೋಕದಲ್ಲಿ ಹೊಸ ಮಾರ್ಗಕ್ಕೆ ಪ್ರಯಾಣಿಕರನ್ನು ಬಿಡುವ ಮೊದಲು ರೈಲ್ವೆ ಸುರಕ್ಷತಾ ಆಯುಕ್ತರು ಬಂದು ಪರಿಶೀಲಿಸಿ ಒಪ್ಪಿಗೆ ಕೊಡಬೇಕೆಂಬ ನಿಯಮಕ್ಕೆ ಇಂಥದ್ದೇ ಸ್ಥಾನವಿದೆ: ಅದಕ್ಕೆ ಮುಂಚಿನದು ಗಾಡಿಯಲ್ಲ, ಗಾಡಿಯಾಗಲು ಹೊರಟ ಉಕ್ಕು. ಈ ದೃಷ್ಟಿಯಲ್ಲಿ ಸ್ಕೈ ಬಸ್ಸಿನ ಆಯುಷ್ಯ ಮೊಟಕಾಯಿತು ಎನ್ನುವುದಕ್ಕಿಂತ ಅದರ ಆಯುಷ್ಯ ಆರಂಭವೇ ಆಗಲಿಲ್ಲ ಎನ್ನುವುದು ಸರಿ. ಅದಕ್ಕೆ ಪ್ರತಿಷ್ಠೆಯೂ ಆಗಲಿಲ್ಲ, ಒಂಬತ್ತು ವರ್ಷಗಳವರೆಗೆ ವಿಸರ್ಜನೆಯೂ ಆಗಲಿಲ್ಲ. ನಿಜವಾದ ಕೊರತೆ ಇದ್ದದ್ದು ಎರಡನೆಯದರಲ್ಲಿ.

ಯಂತ್ರಕ್ಕೆ ದೇವರ ವಿಧಿಯನ್ನು ಹಚ್ಚುವುದು ಅತಿಯಾಯಿತೆಂಬ ಆಕ್ಷೇಪ ಇಲ್ಲಿ ಏಳುತ್ತದೆ, ಮತ್ತು ಅದು ನ್ಯಾಯವಾದ ಆಕ್ಷೇಪ. ಆಯುಧಪೂಜೆಯ ದಿನ ವರ್ಕ್‌ಶಾಪಿನ ಲೇತಿಗೂ ಎಂಜಿನ್ನಿಗೂ ಕುಂಕುಮ ಹಚ್ಚಿ ಕುಂಬಳಕಾಯಿ ಒಡೆಯುವವರು, ಮುರಿದ ಸೂಜಿಗಳನ್ನು ಮೆತ್ತನೆಯ ತೋಫುವಿಗೆ ಚುಚ್ಚಿ ಕೃತಜ್ಞತೆ ಅರ್ಪಿಸುವ ಹರಿಕುಯೊ ಎಂಬ ಜಪಾನೀ ಆಚರಣೆಯಲ್ಲಿ ತೊಡಗುವವರು ಲೋಹಕ್ಕೆ ಚೈತನ್ಯವಿದೆಯೆಂದು ವಾದ ಹೂಡುವುದಿಲ್ಲ. ತಮ್ಮ ಕೈ ಮತ್ತು ಉಪಕರಣದ ನಡುವಿನ ಋಣವನ್ನು ಒಪ್ಪಿಕೊಳ್ಳುತ್ತಾರೆ. ಆ ಒಪ್ಪಿಗೆ ಬೆಲೆಬಾಳುವಂಥದ್ದು. ಆದರೆ ಅದಕ್ಕೊಂದು ಅಪಾಯವೂ ಇದೆ: ವಸ್ತುವಿನ ಮೇಲಿನ ಪ್ರೀತಿ ವಸ್ತುವಿನ ದೋಷವನ್ನು ಕಾಣಗೊಡದೆ ಇರಬಹುದು. ಲೇತಿಗೆ ಹೂವೇರಿಸಿದ ಕೈಯೇ ಮರುದಿನ ಗೇಜು ಹಿಡಿದು 825ಕ್ಕೆ ಇಳಿದ ಚಕ್ರವನ್ನು ನಿರ್ದಾಕ್ಷಿಣ್ಯವಾಗಿ ಪಕ್ಕಕ್ಕೆ ತಳ್ಳಬೇಕು. ಹಾಗೆ ತಳ್ಳುವುದೂ ಆ ಪೂಜೆಯಷ್ಟೇ ಶ್ರದ್ಧೆಯ ಕೆಲಸ.

ಈ ಹಂತದಲ್ಲಿ ನಾಗಸೇನನ ರಥಕ್ಕೆ ಮರಳಬೇಕಾಗುತ್ತದೆ, ಏಕೆಂದರೆ ಅವನು ರಥದ ಮಾತೆತ್ತಿದ್ದು ರಥಕ್ಕಾಗಿ ಅಲ್ಲ. ಮನುಷ್ಯನೂ ರಥದಂತೆಯೇ ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನಗಳೆಂಬ ಐದು ಸ್ಕಂಧಗಳ ಕೂಟ, ಒಳಗೆ ಪುದ್ಗಲನೆಂಬ ಶಾಶ್ವತ ವ್ಯಕ್ತಿಯಿಲ್ಲ ಎಂದು ತೋರಿಸುವುದು ಅವನ ಉದ್ದೇಶವಾಗಿತ್ತು. ರಥದಿಂದ ಮನುಷ್ಯನ ಕಡೆಗೆ ಸಾಗುವ ಈ ಹೋಲಿಕೆಯನ್ನು ಮಡಗಾಂವ್‌ನ ಅಪಘಾತದ ಮುಂದೆ ನಿಲ್ಲಿಸಿದರೆ ಅದು ಅಲ್ಲಾಡುತ್ತದೆ. ಡಬ್ಬಿಯ ಯಾವ ಭಾಗವನ್ನೂ ಬದಲಿಸಬಹುದಿತ್ತು, ಕಂಬವನ್ನು ಮತ್ತೆ ಎರಕ ಹೊಯ್ಯಬಹುದಿತ್ತು, ವಿನ್ಯಾಸವನ್ನೇ ತಿದ್ದಬಹುದಿತ್ತು. ಅಂದು ಆ ಡಬ್ಬಿಯಲ್ಲಿ ಕೆಲಸದ ಮೇಲಿದ್ದ ಮನುಷ್ಯನಿಗೆ ಬದಲಿ ಭಾಗವೆಂಬುದು ಇರಲಿಲ್ಲ. ಆತ್ಮವಿಲ್ಲವೆಂದವರು ಈ ನಷ್ಟಕ್ಕೆ ಏನು ಹೇಳುತ್ತಾರೆ? ಬೌದ್ಧ ಪರಂಪರೆಯಲ್ಲಿ ಇದನ್ನು ಎಲ್ಲರಿಗಿಂತ ನೇರವಾಗಿ ಎದುರಿಸಿದವನು ಎಂಟನೆಯ ಶತಮಾನದ ಶಾಂತಿದೇವ. ದುಃಖಕ್ಕೆ ಒಡೆಯನಿಲ್ಲದಿದ್ದರೆ ನನ್ನ ದುಃಖ, ನಿನ್ನ ದುಃಖ ಎಂಬ ಭೇದಕ್ಕೂ ನೆಲೆಯಿಲ್ಲ. ದುಃಖ ಎಂಬ ಒಂದೇ ಕಾರಣಕ್ಕೆ ಅದನ್ನು ತಡೆಯಬೇಕು ಎಂದು ‘ಬೋಧಿಚರ್ಯಾವತಾರ’ದಲ್ಲಿ ಅವನು ವಾದಿಸುತ್ತಾನೆ. ಅನಾತ್ಮವಾದದಿಂದ ಹೊರಟು ಇಷ್ಟು ದೂರ ಬಂದ ವಾದ ಬಹಳ ದೊಡ್ಡದು. ಆದರೂ ಅದು ಬರಲಿರುವ ದುಃಖವನ್ನು ಕುರಿತದ್ದು. ಆಗಿಹೋದ ಸಾವಿಗೆ ಅದು ತರಬಲ್ಲದ್ದು ಮುಂದೆ ಇನ್ನೊಂದಾಗದಂತೆ ತಡೆಯುವ ಹೊಣೆಯನ್ನು ಮಾತ್ರ.

ಆ ಹೊಣೆಯ ಬೆಳಕಿನಲ್ಲಿ ಧರ್ಮಕೀರ್ತಿಯ ಮಾತಿಗೆ ಬೇರೊಂದು ಅರ್ಥ ಬರುತ್ತದೆ. ಪ್ರಯೋಗಕ್ಕೆಂದು ಕಟ್ಟಿದ ಗಾಡಿಯ ಉದ್ದೇಶ ಪ್ರಯಾಣಿಕರನ್ನು ಹೊರುವುದಲ್ಲ, ಹೊರಬಹುದೇ ಎಂಬುದನ್ನು ತಿಳಿಸಿಕೊಡುವುದು. ತೂಗುಗಾಡಿ ಯಾವ ವೇಗಕ್ಕೆ, ಯಾವ ತಿರುವಿಗೆ, ಎಂಥ ಗಾಳಿಗೆ ಎಷ್ಟು ಓಲಾಡುತ್ತದೆ ಎಂಬುದು ಅದರಿಂದ ಸಿಗಬೇಕಾದ ಅರಿವು. ಆ ಅರಿವನ್ನು ಕ್ರಮಬದ್ಧವಾಗಿ ಬರೆದಿಟ್ಟು ಮುಂದಿನ ವಿನ್ಯಾಸಕಾರನ ಕೈಗೆ ದಾಟಿಸಿದರೆ ಆ ಗಾಡಿ ತನ್ನ ಅರ್ಥಕ್ರಿಯೆಯನ್ನು ಪೂರೈಸಿದಂತೆ, ದಾಟಿಸದಿದ್ದರೆ ಅದರ ಸಾಮರ್ಥ್ಯ ಕೊಂದುದರಲ್ಲಷ್ಟೇ ಉಳಿದಂತೆ. ಚಿಬಾದ ತೂಗುಗಾಡಿಯಾಗಲಿ ವುಪ್ಪರ್ಟಾಲಿನದಾಗಲಿ ದಶಕಗಟ್ಟಲೆ ಓಡುತ್ತಿರುವುದು ತೂಗುವುದರಲ್ಲಿ ಅಪಾಯವಿಲ್ಲದ್ದರಿಂದಲ್ಲ. ತೂಗುವ ಮೈ ಎಷ್ಟು ಓಲಾಡಬಹುದು, ಪಕ್ಕದ ಕಂಬ ಅದರಿಂದ ಎಷ್ಟು ದೂರವಿರಬೇಕು ಎಂಬ ಎರಡು ಅಂಕಿಗಳನ್ನು ಜನರನ್ನು ಹತ್ತಿಸುವ ಮೊದಲೇ ತೀರ್ಮಾನಿಸಿ, ದಿನವೂ ಅಳೆಯುವವರು ಅಲ್ಲಿರುವುದರಿಂದ. ಡಬ್ಬಿಗೂ ಕಂಬಕ್ಕೂ ನಡುವಿನ ಆ ಅಂತರವನ್ನು ಗೊತ್ತುಮಾಡುವವನು ನಕ್ಷೆಯ ಹಾಳೆಯ ಮುಂದೆ ಕುಳಿತಿದ್ದರೂ ಶಾಂತಿದೇವ ಹೇಳಿದ ಕೆಲಸವನ್ನೇ ಮಾಡುತ್ತಿರುತ್ತಾನೆ, ಮತ್ತು ಗಾಡಿಯ ಸೇವಾವಧಿಯ ಮೊದಲನೆಯ ದಿನವನ್ನು ಎಣಿಸಬೇಕಾದದ್ದು ಆ ಅಂಕಿಯನ್ನು ಅವನು ಬರೆಯುವಲ್ಲಿಂದ.